ಕಾಳಸಂತೆಯಲ್ಲಿ ಕಾಲ್ಚೆಂಡು

ಬೆಂಗಳೂರಿನ ಗಾಂಧಿನಗರದ ಚಿತ್ರಮಂದಿರಗಳ ಮುಂದೆ ಹೊಸ ಚಿತ್ರದ ಮೊದಲ ದಿನ ಗಂಟೆಗಟ್ಟಲೆ ಸಾಲು ನಿಂತು, ಕೌಂಟರ್ ತೆರೆದ ಸ್ವಲ್ಪ ಹೊತ್ತಿಗೇ 'ಹೌಸ್‌ಫುಲ್' ಬೋರ್ಡು ನೋಡಿ ಸಪ್ಪೆ ಮುಖದಲ್ಲಿ ಮರಳಿದ ಅಪ್ಪ-ಅಮ್ಮಂದಿರಿಗೆ 'ಬ್ಲ್ಯಾಕ್ ಟಿಕೆಟ್' ಎಂದರೇನೆಂದು ವಿವರಿಸಬೇಕಾಗಿಲ್ಲ. ಕೌಂಟರಿನಲ್ಲಿ ಇಲ್ಲದ ಟಿಕೆಟ್ಟು ಹತ್ತು ಹೆಜ್ಜೆ ಆಚೆ, ಬೀಡಾ ಅಂಗಡಿಯ ಮಗ್ಗುಲಲ್ಲಿ ಪಿಸುಮಾತಿನಲ್ಲಿ ಸಿಗುತ್ತಿತ್ತು. ಬೆಲೆ ಮಾತ್ರ ಎರಡರಷ್ಟು, ಮೂರರಷ್ಟು!

ಇದೇ ಪಿಸುಮಾತು ಇಂಗ್ಲೆಂಡಿನ ಫುಟ್‌ಬಾಲ್ ಮೈದಾನಗಳ ಹೊರಗೆ ಹಲವು ದಶಕಗಳಿಂದ ಕೇಳಿಬರುತ್ತಿದೆ. ಲಿವರ್‌ಪೂಲ್‌ನ ಆ್ಯನ್‌ಫೀಲ್ಡ್, ಮ್ಯಾಂಚೆಸ್ಟರ್‌ನ ಓಲ್ಡ್ ಟ್ರ್ಯಾಫರ್ಡ್, ಲಂಡನ್ನಿನ ಹಲವು ಕ್ರೀಡಾಂಗಣಗಳು- ಎಲ್ಲ ಕಡೆಯೂ ಕತೆ ಒಂದೇ. ಟಿಕೆಟ್ಟನ್ನು ಹೀಗೆ ಕಾಳಸಂತೆಯಲ್ಲಿ ಮಾರುವವನನ್ನು ಅಲ್ಲಿನವರು 'ಟೌಟ್' ಎನ್ನುತ್ತಾರೆ. ಒಂದು ಕಾಲದಲ್ಲಿ ಆತ ಕೋಟಿನ ಜೇಬಿನಲ್ಲಿ ನಾಲ್ಕಾರು ಟಿಕೆಟ್ ಇಟ್ಟುಕೊಂಡು ಬೀದಿ ಮೂಲೆಯಲ್ಲಿ ನಿಲ್ಲುತ್ತಿದ್ದ. ಇಂದು ಆತ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಯಾವುದೋ ದೇಶದಲ್ಲಿ ಕುಳಿತು ಕಂಪ್ಯೂಟರ್ ಮೂಲಕ ನೂರಾರು ಟಿಕೆಟ್‌ಗಳ ವ್ಯಾಪಾರ ಮುಗಿಸುತ್ತಾನೆ.

ಸಿನಿಮಾ ಟಿಕೆಟ್ಟಿಗೂ ಫುಟ್‌ಬಾಲ್ ಟಿಕೆಟ್ಟಿಗೂ ಒಂದು ವ್ಯತ್ಯಾಸವಿದೆ. ಸಿನಿಮಾ ಇಂದು ಸಿಗದಿದ್ದರೆ ಮುಂದಿನ ವಾರ ನೋಡಬಹುದು. ಪಂದ್ಯ ಒಂದೇ ಸಲ ನಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಂಗ್ಲೆಂಡಿನ ದುಡಿಯುವ ಜನರ ಊರುಗಳಲ್ಲಿ ಕ್ಲಬ್ ಎಂಬುದು ಕೇವಲ ಮನರಂಜನೆಯಲ್ಲ. ಅಜ್ಜ ಮಗನನ್ನು ಕರೆದುಕೊಂಡು ಹೋದ, ಮಗ ಮೊಮ್ಮಗನನ್ನು ಕರೆದುಕೊಂಡು ಹೋದ. ನಮ್ಮಲ್ಲಿ ಊರ ಜಾತ್ರೆಗೆ ಹೋಗುವ ಹಾಗೆ ಅವರು ಶನಿವಾರದ ಪಂದ್ಯಕ್ಕೆ ಹೋಗುತ್ತಾರೆ. ಜಾತ್ರೆಯಲ್ಲಿ ತೇರೆಳೆಯುವ ಹಗ್ಗ ಹಿಡಿಯಲು ಹೊರಗಿನವನೊಬ್ಬ ದುಡ್ಡು ಕೇಳತೊಡಗಿದರೆ ಊರವರಿಗೆ ಹೇಗನ್ನಿಸೀತು? ಕಾಳಸಂತೆಯ ಬಗ್ಗೆ ಫುಟ್‌ಬಾಲ್ ಅಭಿಮಾನಿಗಳ ಸಿಟ್ಟು ಸುಮಾರಾಗಿ ಆ ಬಗೆಯದು.

ಸೀಟು ಸಾವಿರ, ಬೇಡಿಕೆ ಲಕ್ಷ

ಕಾಳಸಂತೆ ಹುಟ್ಟುವುದು ಏಕೆ? ಪಿಯುಸಿ ಅರ್ಥಶಾಸ್ತ್ರದ ಮೊದಲ ಪಾಠವೇ ಇದಕ್ಕೆ ಉತ್ತರ ಹೇಳುತ್ತದೆ. ಬೇಡಿಕೆ ಹೆಚ್ಚಿ ಪೂರೈಕೆ ಅಷ್ಟೇ ಉಳಿದರೆ ಬೆಲೆ ಏರಬೇಕು. ಆ್ಯನ್‌ಫೀಲ್ಡ್‌ನಲ್ಲಿ ಸುಮಾರು 61 ಸಾವಿರ ಸೀಟುಗಳಿವೆ. ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಸುಮಾರು 74 ಸಾವಿರ. ಪ್ರೀಮಿಯರ್ ಲೀಗ್‌ನಲ್ಲಿ ಒಂದು ತಂಡ ವರ್ಷಕ್ಕೆ ತನ್ನ ಊರಿನಲ್ಲಿ ಆಡುವುದು 19 ಪಂದ್ಯ ಮಾತ್ರ. ಇವುಗಳಲ್ಲಿ ಸಾವಿರಾರು ಸೀಟುಗಳು ಇಡೀ ಋತುವಿಗೆ ಮುಂಗಡ ಹಣ ಕಟ್ಟಿದ 'ಸೀಸನ್ ಟಿಕೆಟ್' ಹೊಂದಿದವರ ಪಾಲು. ಉಳಿದ ಸೀಟುಗಳಿಗಾಗಿ ಲಿವರ್‌ಪೂಲ್‌ನ ಗಲ್ಲಿಯ ಹುಡುಗನೂ ಕಾಯುತ್ತಾನೆ, ನಾರ್ವೆಯ ಪ್ರವಾಸಿಯೂ ಕಾಯುತ್ತಾನೆ, ಸಿಂಗಪುರದ ವ್ಯಾಪಾರಿಯೂ ಕಾಯುತ್ತಾನೆ. ಟೆಲಿವಿಷನ್ ಈ ಆಟವನ್ನು ಜಗತ್ತಿನ ಮೂಲೆಮೂಲೆಗೆ ಒಯ್ದಿದೆ. ಮೈದಾನ ಮಾತ್ರ ಇದ್ದಲ್ಲೇ ಇದೆ, ಇದ್ದಷ್ಟೇ ಇದೆ.

ಇಷ್ಟಾದರೂ ಕ್ಲಬ್‌ಗಳು ಟಿಕೆಟ್ಟಿನ ಬೆಲೆಯನ್ನು ಸಂತೆ ತಾಳುವಷ್ಟು ಏರಿಸುವುದಿಲ್ಲ. ಏರಿಸಿದರೆ ಊರಿನ ಜನ ತಿರುಗಿಬೀಳುತ್ತಾರೆ. ಹೀಗಾಗಿ ಟಿಕೆಟ್ಟಿನ ಮೇಲೆ ಅಚ್ಚಾದ ಬೆಲೆ ಒಂದು, ಜನ ಕೊಡಲು ಸಿದ್ಧರಿರುವ ಬೆಲೆ ಇನ್ನೊಂದು. ಈ ಎರಡು ಬೆಲೆಗಳ ನಡುವಿನ ಬಿರುಕಿನಲ್ಲಿ ಟೌಟ್ ಮನೆ ಮಾಡಿಕೊಳ್ಳುತ್ತಾನೆ. ಆ ಬಿರುಕು ಊರಿನ ಅಭಿಮಾನಿಗೆಂದು ಕ್ಲಬ್ ಬಿಟ್ಟುಕೊಟ್ಟ ರಿಯಾಯಿತಿ. ಟೌಟ್ ಕದಿಯುವುದು ಆ ರಿಯಾಯಿತಿಯನ್ನೇ.

ಕಾನೂನು ಬಂದ ಬಗೆ

ಇಂಗ್ಲೆಂಡಿನಲ್ಲಿ ಸಂಗೀತ ಕಛೇರಿಯ ಟಿಕೆಟ್ಟನ್ನು ಹೆಚ್ಚು ಬೆಲೆಗೆ ಮಾರುವುದು ಬಹುಕಾಲ ಅಪರಾಧವಾಗಿರಲಿಲ್ಲ. ಫುಟ್‌ಬಾಲ್ ಟಿಕೆಟ್ ಮಾತ್ರ 1994ರಿಂದಲೂ ಬೇರೆ. ಇದರ ಹಿಂದೆ ಒಂದು ದೊಡ್ಡ ದುಃಖದ ಕತೆಯಿದೆ.

1989ರ ಏಪ್ರಿಲ್ 15. ಶೆಫೀಲ್ಡ್ ನಗರದ ಹಿಲ್ಸ್‌ಬರೊ ಮೈದಾನದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಂ ಫಾರೆಸ್ಟ್ ತಂಡಗಳ ನಡುವೆ ಎಫ್.ಎ. ಕಪ್ ಸೆಮಿಫೈನಲ್. ಗೋಲಿನ ಹಿಂದಿನ ಕಟಕಟೆಯಂಥ ಆವರಣದಲ್ಲಿ ನಿಂತಿದ್ದ ಜನ ನೂಕುನುಗ್ಗಲಿಗೆ ಸಿಕ್ಕಿ ಉಸಿರುಗಟ್ಟಿದರು. ಒಟ್ಟು 97 ಮಂದಿ ಸತ್ತರು. ಕೊನೆಯ ವ್ಯಕ್ತಿ ಅಂದಿನ ಗಾಯಗಳ ಪರಿಣಾಮವಾಗಿ ಸತ್ತದ್ದು 2021ರಲ್ಲಿ. ಮೊದಮೊದಲು ಕೆಲವು ಪೊಲೀಸ್ ಅಧಿಕಾರಿಗಳೂ ಪತ್ರಿಕೆಗಳೂ ಅಭಿಮಾನಿಗಳ ಮೇಲೇ ತಪ್ಪು ಹೊರಿಸಿದರು; ಟಿಕೆಟ್ ಇಲ್ಲದವರು ನುಗ್ಗಿದ್ದೇ ಕಾರಣ ಎಂದರು. ಅದು ಸುಳ್ಳು. ಜನಸಂದಣಿಯನ್ನು ನಿಭಾಯಿಸುವಲ್ಲಿ ಪೊಲೀಸರು ಸೋತದ್ದೇ ಮುಖ್ಯ ಕಾರಣ ಎಂದು ನ್ಯಾಯಮೂರ್ತಿ ಟೇಲರ್ ಅಂದೇ ಹೇಳಿದರು. 2016ರಲ್ಲಿ ಜ್ಯೂರಿಯೂ ಅಭಿಮಾನಿಗಳದು ತಪ್ಪಿಲ್ಲ ಎಂದು ತೀರ್ಮಾನಿಸಿತು.

ಇದೇ ಟೇಲರ್ ಅವರು 1990ರ ಜನವರಿಯಲ್ಲಿ ಕೊಟ್ಟ ಅಂತಿಮ ವರದಿ ಇಂಗ್ಲಿಷ್ ಫುಟ್‌ಬಾಲಿನ ಮುಖವನ್ನೇ ಬದಲಿಸಿತು. ದೊಡ್ಡ ಮೈದಾನಗಳಲ್ಲಿ ನಿಂತು ನೋಡುವ ಮೆಟ್ಟಿಲುಗಳು ಹೋಗಿ ಎಲ್ಲರಿಗೂ ಸೀಟು ಬಂತು. ಪಂದ್ಯದ ದಿನ ಕ್ಲಬ್‌ನ ಅನುಮತಿಯಿಲ್ಲದೆ ಟಿಕೆಟ್ ಮಾರುವುದನ್ನು ಅಪರಾಧವಾಗಿಸುವ ಬಗ್ಗೆ ಯೋಚಿಸಬೇಕೆಂದು ಅದೇ ವರದಿ ಸಲಹೆ ಕೊಟ್ಟಿತು. ಕಾರಣ ಸರಳ. ಎರಡು ತಂಡಗಳ ಅಭಿಮಾನಿಗಳನ್ನು ಬೇರೆ ಬೇರೆ ಕೂರಿಸಿದರೆ ಜಗಳ ಕಡಿಮೆ. ಟೌಟ್ ಯಾರಿಗೆ ಯಾವ ಸೀಟು ಮಾರುತ್ತಾನೆಂಬ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಎದುರಾಳಿಯ ಬಣ್ಣದ ಶಾಲು ಹೊದ್ದವನು ಊರ ಅಭಿಮಾನಿಗಳ ನಡುವೆ ಬಂದು ಕುಳಿತರೆ ಏನಾದೀತೆಂದು ಹೇಳುವವರು ಯಾರು?

ಹೀಗೆ 1994ರ ಕ್ರಿಮಿನಲ್ ನ್ಯಾಯ ಮತ್ತು ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆಯ 166ನೇ ಕಲಮು ಬಂತು. ಅನುಮತಿ ಇಲ್ಲದವನು ಫುಟ್‌ಬಾಲ್ ಟಿಕೆಟ್ ಮಾರುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಪರಾಧವಾಯಿತು. 2006ರಲ್ಲಿ ಈ ಕಲಮನ್ನು ತಿದ್ದಿ ಇಂಟರ್ನೆಟ್ ಮೂಲಕ ನಡೆಯುವ ಮಾರಾಟವನ್ನೂ ಒಳಗೆ ತರಲಾಯಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಈ ಕಾನೂನು ಕೇಳುವುದು 'ಎಷ್ಟು ಲಾಭ ಮಾಡಿದೆ?' ಎಂದಲ್ಲ, 'ಮಾರಲು ನಿನಗೆ ಅನುಮತಿ ಇತ್ತೇ?' ಎಂದು. ಶಿಕ್ಷೆ ಜುಲ್ಮಾನೆ ಮಾತ್ರ, ಜೈಲಿಲ್ಲ. ಲಾಭ ಕೈತುಂಬ ಇರುವಾಗ ಜುಲ್ಮಾನೆಯನ್ನು ವ್ಯಾಪಾರದ ಖರ್ಚೆಂದು ಬರೆದುಕೊಳ್ಳುವವರಿಗೆ ಕೊರತೆಯೇ?

ಬೀದಿ ಮೂಲೆಯಿಂದ ಕಂಪ್ಯೂಟರಿಗೆ

ಇಂದಿನ ಟೌಟ್ ಟಿಕೆಟ್ ಸಂಪಾದಿಸುವ ಬಗೆಗಳನ್ನು ನೋಡಿದರೆ ಆತನ ಶ್ರದ್ಧೆಗೆ ಬೆರಗಾಗಬೇಕು. ಒಬ್ಬನೇ ಹತ್ತಾರು ಹೆಸರುಗಳಲ್ಲಿ ಕ್ಲಬ್ ಸದಸ್ಯತ್ವ ಪಡೆಯುತ್ತಾನೆ. ಬೇರೆ ಬೇರೆ ವಿಳಾಸ, ಬೇರೆ ಬೇರೆ ಇ-ಮೇಲ್, ಬೇರೆ ಬೇರೆ ಬ್ಯಾಂಕ್ ಕಾರ್ಡು. ಮಾರಾಟ ಆರಂಭವಾದ ಕ್ಷಣದಲ್ಲಿ 'ಬಾಟ್' ಎಂಬ ಕಂಪ್ಯೂಟರ್ ಪ್ರೋಗ್ರಾಂ ನೂರಾರು ಜನರ ವೇಷ ತೊಟ್ಟು ಸಾಲಿನಲ್ಲಿ ನಿಲ್ಲುತ್ತದೆ. ಮನೆಯಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರದೆ ನೋಡುತ್ತಿರುವ ತಂದೆಯ ಬೆರಳು ಗುಂಡಿ ಒತ್ತುವಷ್ಟರಲ್ಲಿ ಟಿಕೆಟ್ ಖಾಲಿ.

ಇನ್ನೊಂದು ಬಗೆ ಇನ್ನೂ ಸೂಕ್ಷ್ಮ. ಸೀಸನ್ ಟಿಕೆಟ್ ಇರುವ ಕೆಲವರು ತಾವು ಹೋಗದ ಪಂದ್ಯಗಳಿಗೆ ಅದನ್ನು ಟೌಟ್‌ಗೆ 'ಬಾಡಿಗೆ'ಗೆ ಕೊಡುತ್ತಾರೆ. ಟಿಕೆಟ್ ಕಾಗದದಿಂದ ಮೊಬೈಲಿಗೆ ಬಂದಾಗ ಈ ದಂಧೆ ನಿಲ್ಲುತ್ತದೆಂದು ಎಲ್ಲರೂ ಭಾವಿಸಿದ್ದರು. ನಿಲ್ಲಲಿಲ್ಲ. ಟಿಕೆಟ್ ತುಂಬಿದ ಮೊಬೈಲನ್ನೇ ಗಿರಾಕಿಯ ಕೈಗೆ ಕೊಟ್ಟು, ಒಳಗೆ ಹೋದ ಮೇಲೆ ವಾಪಸು ಪಡೆಯುವ ಉಪಾಯ ಹುಟ್ಟಿಕೊಂಡಿತು!

ಕ್ಲಬ್‌ಗಳು ಸುಮ್ಮನೆ ಕುಳಿತಿಲ್ಲ. ಲಿವರ್‌ಪೂಲ್ ಕ್ಲಬ್ 2023-24ರ ಋತುವಿನಲ್ಲಿ ಸುಮಾರು 1 ಲಕ್ಷ ನಕಲಿ ಖಾತೆಗಳನ್ನು ಮುಚ್ಚಿತು. ಹತ್ತಾರು ಮಂದಿಗೆ ಆಜೀವ ನಿಷೇಧ ಹಾಕಿತು. ಅರವತ್ತೊಂದು ಸಾವಿರ ಸೀಟಿನ ಮೈದಾನಕ್ಕೆ ಒಂದು ಲಕ್ಷ ನಕಲಿ ಗಿರಾಕಿಗಳೆಂದರೆ ಸಾಲಿನಲ್ಲಿ ನಿಂತ ನಿಜವಾದ ಮನುಷ್ಯರ ಪಾಡೇನು?

ಸರ್ಕಾರವೂ ಹಂತಹಂತವಾಗಿ ಕೈಹಾಕಿದೆ. ಮರುಮಾರಾಟ ಮಾಡುವವರು ಸೀಟು ಯಾವುದು, ಮೂಲ ಬೆಲೆ ಎಷ್ಟು ಎಂದು ತಿಳಿಸಲೇಬೇಕೆಂದು 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಹೇಳಿತು. ಒಬ್ಬರಿಗೆ ಇಷ್ಟೇ ಟಿಕೆಟ್ ಎಂಬ ಮಿತಿಯನ್ನು ಬಾಟ್ ಬಳಸಿ ಮೀರುವುದು 2018ರಲ್ಲಿ ಅಪರಾಧವಾಯಿತು. ಸಂಗೀತ ಕಾರ್ಯಕ್ರಮಗಳ ಟಿಕೆಟ್ಟುಗಳನ್ನು ಹಲವು ಹೆಸರುಗಳಲ್ಲಿ ಕೊಂಡು ಮಾರಿದ ಇಬ್ಬರಿಗೆ 2020ರಲ್ಲಿ ಲೀಡ್ಸ್ ನ್ಯಾಯಾಲಯ ವಂಚನೆಯ ಆರೋಪದಡಿ ಜೈಲು ಶಿಕ್ಷೆ ವಿಧಿಸಿತು: ಒಬ್ಬನಿಗೆ ನಾಲ್ಕು ವರ್ಷ, ಇನ್ನೊಬ್ಬನಿಗೆ ಎರಡೂವರೆ ವರ್ಷ. ಆದರೆ ಮಾರಾಟದ ಸೈಟು ಬೇರೆ ದೇಶದಲ್ಲಿ ನೋಂದಣಿಯಾಗಿದ್ದರೆ ಲಂಡನ್ನಿನ ಪೊಲೀಸರ ಕೈ ಅಲ್ಲಿಗೆ ಸುಲಭವಾಗಿ ಚಾಚುವುದಿಲ್ಲ.

ಬೇಲಿಯೇ ಹೊಲ ಮೇಯ್ದರೆ

ಅಭಿಮಾನಿಗಳ ಸಿಟ್ಟು ಟೌಟ್‌ನ ಮೇಲೆ ಮಾತ್ರ ಇದ್ದಿದ್ದರೆ ಕತೆ ಸರಳವಾಗಿರುತ್ತಿತ್ತು. ಅವರ ದೊಡ್ಡ ದೂರು ಇರುವುದು ಕ್ಲಬ್‌ಗಳ ಇಬ್ಬಗೆಯ ನೀತಿಯ ಬಗ್ಗೆ.

ಕ್ಲಬ್‌ನ ಅನುಮತಿ ಇಲ್ಲದೆ ಮಾರುವುದು ಅಪರಾಧ ಎನ್ನುತ್ತದೆ ಕಾನೂನು. ಹಾಗಾದರೆ ಕ್ಲಬ್ಬೇ ಅನುಮತಿ ಕೊಟ್ಟರೆ? ಅಪರಾಧವಲ್ಲ! ಈ ಬಾಗಿಲಿನಿಂದ ಮರುಮಾರಾಟದ ದೊಡ್ಡ ಕಂಪನಿಗಳು ಒಳಬಂದವು. 'ವಯಾಗೊಗೊ' ಎಂಬ ಕಂಪನಿ 2006ರಲ್ಲಿ ಆರಂಭವಾದಾಗ ಚೆಲ್ಸಿ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್‌ಗಳೇ ಅದರ ಮೊದಲ ಪಾಲುದಾರರಾಗಿದ್ದವು. ಲಂಡನ್ನಿನ ಟಾಟನ್‌ಹ್ಯಾಂ ಕ್ಲಬ್ 2013ರಲ್ಲಿ 'ಸ್ಟಬ್‌ಹಬ್' ಎಂಬ ಕಂಪನಿಯೊಡನೆ ಕೈಜೋಡಿಸಿತು. ಅಧಿಕೃತವಾದ ಈ ಜಾಗದಲ್ಲೇ ಟಿಕೆಟ್‌ಗಳು ಮೂಲ ಬೆಲೆಗಿಂತ ಬಹಳ ಹೆಚ್ಚಿಗೆ ಮಾರಾಟಕ್ಕೆ ಬಂದಾಗ ಅಲ್ಲಿನ ಅಭಿಮಾನಿ ಸಂಘ ಪ್ರತಿಭಟಿಸಿತು. ಬೀದಿಯಲ್ಲಿ ನಿಂತು ಮಾರಿದರೆ ಟೌಟ್, ಕ್ಲಬ್‌ನ ಮೊಹರು ಇದ್ದರೆ ಪಾಲುದಾರ- ಈ ಎರಡರ ನಡುವೆ ವ್ಯತ್ಯಾಸವೇನೆಂಬ ಪ್ರಶ್ನೆಗೆ ಸಮಾಧಾನದ ಉತ್ತರ ಕೊಡುವುದು ಕಷ್ಟ.

ಈ ಪ್ರಶ್ನೆಯನ್ನು ಕೊನೆಯವರೆಗೂ ಹಿಡಿದು ಎಳೆದವರು ಜರ್ಮನಿಯ ಗೆಲ್ಸೆನ್‌ಕಿರ್ಶೆನ್ ಊರಿನವರು. ಇದು ರೂರ್ ಪ್ರದೇಶದ ಹಳೆಯ ಕಲ್ಲಿದ್ದಲು ಗಣಿಗಳ ಊರು. ಇಲ್ಲಿನ ಷಾಲ್ಕೆ 04 ಕ್ಲಬ್ಬನ್ನು ಜನ ಇಂದಿಗೂ ಗಣಿ ಕಾರ್ಮಿಕರ ತಂಡ ಎನ್ನುತ್ತಾರೆ. ಕ್ಲಬ್‌ನ ಆಡಳಿತ ವಯಾಗೊಗೊ ಜೊತೆ ಒಪ್ಪಂದ ಮಾಡಿಕೊಂಡಿತು. ಅದು 2013ರ ಜುಲೈನಲ್ಲಿ ಜಾರಿಗೆ ಬರಬೇಕಿತ್ತು. ಮೂಲ ಬೆಲೆಗಿಂತ ಹೆಚ್ಚಿಗೆ ಟಿಕೆಟ್ ಮಾರಲು ಅದರಲ್ಲಿ ಅವಕಾಶವಿತ್ತು. ಅಭಿಮಾನಿಗಳು ಕಂಪನಿಯ ಹೆಸರಿನ ನಡುವೆ 'ನೋ' ಸೇರಿಸಿ 'ವಯಾನೋಗೊ' ಎಂದು ಚಳವಳಿ ಹೂಡಿದರು. ಸಹಿ ಸಂಗ್ರಹಿಸಿದರು. ಒಪ್ಪಂದ ಜಾರಿಗೆ ಬಂದ ಕೆಲವೇ ದಿನಗಳಲ್ಲಿ, ಕಂಪನಿ ಷರತ್ತು ಮುರಿದಿದೆ ಎಂದು ಹೇಳಿ ಕ್ಲಬ್ ಅದನ್ನು ರದ್ದುಪಡಿಸಿತು.

ಜರ್ಮನಿಯವರಿಗೆ ಇದು ಸಾಧ್ಯವಾದದ್ದು ಹೇಗೆ? ಷಾಲ್ಕೆ ಕ್ಲಬ್ ಯಾವ ಧಣಿಯ ಸ್ವತ್ತೂ ಅಲ್ಲ. ನಮ್ಮ ಸಹಕಾರ ಸಂಘಗಳ ಹಾಗೆ ಅದು ಸದಸ್ಯರದು, ಲಕ್ಷಕ್ಕೂ ಮೀರಿದ ಸದಸ್ಯರದು. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು, ಕೈ ಎತ್ತಿ ಮತ ಹಾಕುವ ಹಕ್ಕು ಅವರಿಗಿದೆ. ಇಂಗ್ಲೆಂಡಿನ ಬಹುತೇಕ ದೊಡ್ಡ ಕ್ಲಬ್‌ಗಳಿಗೆ ಮಾಲೀಕರಿದ್ದಾರೆ, ಹಲವರು ಹೊರದೇಶದವರು. ಅಲ್ಲಿನ ಅಭಿಮಾನಿಗೆ ಮತವಿಲ್ಲ. ಆತನ ಬಳಿ ಇರುವುದು ಎರಡೇ: ಗಂಟಲು ಮತ್ತು ಕಾಲು. ಕೂಗಬಹುದು, ಇಲ್ಲವೇ ಎದ್ದು ಹೋಗಬಹುದು.

ಎಪ್ಪತ್ತೇಳನೆಯ ನಿಮಿಷ

ಲಿವರ್‌ಪೂಲ್‌ನ ಅಭಿಮಾನಿಗಳು ಒಮ್ಮೆ ಎದ್ದೇ ಹೋದರು. ಆ್ಯನ್‌ಫೀಲ್ಡ್‌ನ ಹೊಸ ಗ್ಯಾಲರಿಯಲ್ಲಿ ಅತಿ ದುಬಾರಿ ಟಿಕೆಟ್ಟಿಗೆ 77 ಪೌಂಡ್ ಎಂದು 2016ರ ಫೆಬ್ರುವರಿಯಲ್ಲಿ ಕ್ಲಬ್ ಪ್ರಕಟಿಸಿತು. ಆಗಿನ ಲೆಕ್ಕದಲ್ಲಿ ಸುಮಾರು ಏಳೂವರೆ ಸಾವಿರ ರೂಪಾಯಿ. ಫೆಬ್ರುವರಿ 6ರಂದು ಸಂಡರ್‌ಲೆಂಡ್ ವಿರುದ್ಧ ಪಂದ್ಯ. ಲಿವರ್‌ಪೂಲ್ 2-0 ಮುಂದಿತ್ತು. ಸರಿಯಾಗಿ 77ನೇ ನಿಮಿಷಕ್ಕೆ ಸುಮಾರು 10 ಸಾವಿರ ಮಂದಿ ಸೀಟು ಬಿಟ್ಟು ಹೊರನಡೆದರು. ಪಂದ್ಯ 2-2ರಲ್ಲಿ ಮುಗಿಯಿತು! ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿದರು. 77 ಪೌಂಡಿನ ಟಿಕೆಟ್ ರದ್ದಾಯಿತು. ಅತಿ ಹೆಚ್ಚಿನ ಬೆಲೆ 59 ಪೌಂಡಿನಲ್ಲೇ ನಿಂತಿತು. ಅದೇ ವರ್ಷ ಪ್ರೀಮಿಯರ್ ಲೀಗ್‌ನ ಕ್ಲಬ್‌ಗಳೆಲ್ಲ ಸೇರಿ, ಹೊರ ಊರಿನಿಂದ ಬರುವ ಎದುರಾಳಿ ಅಭಿಮಾನಿಗಳಿಗೆ 30 ಪೌಂಡಿಗಿಂತ ಹೆಚ್ಚು ಬೆಲೆ ಇಡಬಾರದೆಂದು ತೀರ್ಮಾನಿಸಿದವು.

ಬೆಲೆ ಏರಿಕೆಯ ಕತೆಗೂ ಕಾಳಸಂತೆಯ ಕತೆಗೂ ಏನು ಸಂಬಂಧ ಎನ್ನಬಹುದು. ಸಂಬಂಧವಿದೆ. ಕಾಳಸಂತೆಯಲ್ಲಿ ಯಾವ ಬೆಲೆಗೆ ಟಿಕೆಟ್ ಹೋಗುತ್ತಿದೆ ಎಂಬುದನ್ನು ಕ್ಲಬ್‌ನ ಲೆಕ್ಕಿಗರೂ ನೋಡುತ್ತಿರುತ್ತಾರೆ. 'ಜನ ಅಷ್ಟು ಕೊಡುತ್ತಾರಾದರೆ ನಾವೇ ಏಕೆ ಕೇಳಬಾರದು?' ಎಂಬ ಯೋಚನೆ ಬಾರದಿರುತ್ತದೆಯೇ? 2024ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ ಋತುವಿನ ನಡುವೆಯೇ, ಸದಸ್ಯರಿಗೆಂದು ಉಳಿದಿದ್ದ ಟಿಕೆಟ್ಟುಗಳ ಬೆಲೆಯನ್ನು 66 ಪೌಂಡ್ ಎಂದು ನಿಗದಿ ಮಾಡಿತು. ಮಕ್ಕಳಿಗೂ ಅದೇ, ವೃದ್ಧರಿಗೂ ಅದೇ. ಮೊದಲು ಮಕ್ಕಳ ಟಿಕೆಟ್ 25 ಪೌಂಡಿನಿಂದ ಸಿಗುತ್ತಿತ್ತು. ಇಬ್ಬರು ಮಕ್ಕಳ ತಂದೆಯೊಬ್ಬ ಆ ದಿನ ಮೂರು ಟಿಕೆಟ್ಟಿಗೆ 198 ಪೌಂಡ್ ಕೊಡಬೇಕು. ಹೀಗಾದಾಗ ಕಾಳಸಂತೆಗೂ ಕೌಂಟರಿಗೂ ಇರುವ ಅಂತರ ಕಡಿಮೆಯಾಗುತ್ತದೆ. ಬಡವನಿಗೆ ಮಾತ್ರ ಎರಡೂ ಬಾಗಿಲು ಮುಚ್ಚಿರುತ್ತವೆ.

ಹಾಗೆ ಮಾರಿದರೆ ತಪ್ಪೇನು?

ವಾದ ಎರಡೂ ಕಡೆ ಇದೆ. ಸಂತೆಯ ಪರ ಮಾತಾಡುವ ಅರ್ಥಶಾಸ್ತ್ರಜ್ಞರು ಹೀಗೆನ್ನುತ್ತಾರೆ: ಟೌಟ್ ಯಾರನ್ನೂ ಬಲವಂತ ಮಾಡುವುದಿಲ್ಲ. ಮಾರುವವನೂ ಒಪ್ಪಿದ್ದಾನೆ, ಕೊಳ್ಳುವವನೂ ಒಪ್ಪಿದ್ದಾನೆ. ಯಾರಿಗೆ ಪಂದ್ಯ ಹೆಚ್ಚು ಬೇಕೋ ಅವರೇ ಹೆಚ್ಚು ಕೊಡುತ್ತಾರೆ. ಕೊನೆಯ ಗಳಿಗೆಯಲ್ಲಿ ಬಂದ ಪ್ರವಾಸಿಗೂ ಸೀಟು ಸಿಗುತ್ತದೆ. ಇದರಲ್ಲಿ ಅನ್ಯಾಯವೇನು?

ಈ ವಾದವನ್ನು ತಳ್ಳಿಹಾಕುವ ಮೊದಲು ಅದರಲ್ಲಿ ಒಂದಂಶ ನಿಜವಿದೆ ಎಂದು ಒಪ್ಪಬೇಕು. ಮರುಮಾರಾಟವೇ ತಪ್ಪಲ್ಲ. ಜ್ವರ ಬಂದವನು, ಮನೆಯಲ್ಲಿ ಮದುವೆ ಇಟ್ಟುಕೊಂಡವನು ತನ್ನ ಟಿಕೆಟ್ಟನ್ನು ಬೇರೆಯವರಿಗೆ ದಾಟಿಸಲು ಒಂದು ದಾರಿ ಬೇಕೇ ಬೇಕು. ಇಲ್ಲದಿದ್ದರೆ ಹೊರಗೆ ಸಾವಿರಾರು ಜನ ಕಾಯುತ್ತಿರುವಾಗ ಒಳಗೆ ಸೀಟು ಖಾಲಿ ಇರುತ್ತದೆ.

ಆದರೆ 'ಯಾರಿಗೆ ಹೆಚ್ಚು ಬೇಕು' ಎಂಬುದನ್ನು ಹಣದಿಂದ ಅಳೆಯುವುದು ಸರಿಯೇ? ತಿಂಗಳ ಸಂಬಳದ ಕಾಲುಭಾಗ ಕೊಡಲು ಸಿದ್ಧನಿರುವ ಬಂದರು ಕಾರ್ಮಿಕನಿಗೆ ಪಂದ್ಯ ಹೆಚ್ಚು ಬೇಕೋ, ಒಂದು ಹೊತ್ತಿನ ಊಟದ ಖರ್ಚಿನಷ್ಟೆಂದು ಅದರ ಎರಡರಷ್ಟು ಬಿಸಾಡುವ ಶ್ರೀಮಂತನಿಗೆ ಹೆಚ್ಚು ಬೇಕೋ? ಹಣ ಅಳೆಯುವುದು ಆಸೆಯನ್ನಲ್ಲ, ಜೇಬನ್ನು.

ಇನ್ನೊಂದು ಮಾತಿದೆ. ಅಂಗಡಿಯಲ್ಲಿ ಸೋಪು ಕೊಳ್ಳುವ ಗಿರಾಕಿ ಸೋಪನ್ನು ತಯಾರಿಸುವುದಿಲ್ಲ. ಫುಟ್‌ಬಾಲಿನಲ್ಲಿ ಹಾಗಲ್ಲ, ನೋಡುವವನೂ ಆಟದ ಒಂದು ಭಾಗವನ್ನು ತಯಾರಿಸುತ್ತಾನೆ. ಕೊರೋನಾ ಕಾಲದಲ್ಲಿ, 2020ರ ಜೂನ್‌ನಲ್ಲಿ ಖಾಲಿ ಮೈದಾನಗಳಲ್ಲಿ ಪ್ರೀಮಿಯರ್ ಲೀಗ್ ಮತ್ತೆ ಆರಂಭವಾದಾಗ ಟೆಲಿವಿಷನ್ ಪ್ರಸಾರಕ್ಕೆ ಜನರ ಕೂಗಿನ ಧ್ವನಿಮುದ್ರಣ ಸೇರಿಸಬೇಕಾಯಿತು. ಆ ಕೂಗಿಲ್ಲದ ಆಟ ಉಪ್ಪಿಲ್ಲದ ಸಾರಿನಂತಿತ್ತು. ಆ ಕೂಗು ಕೊಡುವವರು ಯಾರು? ವರ್ಷಗಟ್ಟಲೆ ಬಂದು, ಹಾಡುಗಳನ್ನು ಬಾಯಿಪಾಠ ಮಾಡಿಕೊಂಡು, ಮಕ್ಕಳಿಗೂ ಕಲಿಸಿದವರು. ಅವರನ್ನು ಹೊರಗಿಟ್ಟು ಆ ಸದ್ದನ್ನು ಮಾತ್ರ ಒಳಗೆ ಇಟ್ಟುಕೊಳ್ಳಲಾಗದು.

ದಾರಿಗಳು ಇವೆ

ಹಾಗಾದರೆ ಮಾಡಬೇಕಾದ್ದೇನು? ಅಭಿಮಾನಿ ಸಂಘಗಳು ಕೇಳುವುದು ದೊಡ್ಡದನ್ನೇನಲ್ಲ. ಬರಲಾಗದವನು ಸೀಟನ್ನು ಕ್ಲಬ್‌ಗೇ ಮರಳಿಸಲಿ. ಕ್ಲಬ್ ಅದನ್ನು ಸಾಲಿನಲ್ಲಿರುವ ಮುಂದಿನ ಸದಸ್ಯನಿಗೆ ಮೂಲ ಬೆಲೆಗೇ ಕೊಡಲಿ. ಮರಳಿಸಿದವನಿಗೆ ಆ ಪಂದ್ಯದ ಪಾಲಿನ ಹಣ ಹಿಂತಿರುಗಲಿ. ಇಂಥ 'ಟಿಕೆಟ್ ವಿನಿಮಯ' ವ್ಯವಸ್ಥೆ ಈಗ ಅನೇಕ ಕ್ಲಬ್‌ಗಳಲ್ಲಿದೆ. ಸೀಸನ್ ಟಿಕೆಟ್ ಇಟ್ಟುಕೊಂಡು ಬರದೆ, ಮರಳಿಸದೆ ಇರುವವರಿಂದ ಅದನ್ನು ಹಿಂತೆಗೆದುಕೊಳ್ಳುವ ನಿಯಮವನ್ನೂ ಕೆಲವು ಕ್ಲಬ್‌ಗಳು ತಂದಿವೆ.

ಇದರಲ್ಲೂ ತೊಡಕಿಲ್ಲದಿಲ್ಲ. ಮೊಬೈಲ್ ಬಳಕೆ ಅಷ್ಟಾಗಿ ತಿಳಿಯದ ವೃದ್ಧರು ಗೇಟಿನಲ್ಲಿ ಪೇಚಾಡುತ್ತಾರೆ. ತನ್ನ ಟಿಕೆಟ್ಟಿನಲ್ಲಿ ಮೊಮ್ಮಗನನ್ನು ಕಳಿಸಿದ ಅಜ್ಜನನ್ನೂ ದಂಧೆಕೋರನನ್ನೂ ಕಂಪ್ಯೂಟರ್ ಒಂದೇ ಕಣ್ಣಿನಿಂದ ನೋಡುತ್ತದೆ. ಕಳ್ಳನನ್ನು ಹಿಡಿಯುವ ಬಲೆಯಲ್ಲಿ ಸಜ್ಜನರೂ ಸಿಕ್ಕಿಬೀಳದಂತೆ ನೋಡಿಕೊಳ್ಳುವುದು ಕ್ಲಬ್‌ನ ಹೊಣೆ. ತಪ್ಪಾಗಿ ನಿಷೇಧಕ್ಕೊಳಗಾದವನು ಹೇಳಿಕೊಳ್ಳಲು ಕಿವಿಯಿರುವ ಒಬ್ಬ ಮನುಷ್ಯ ಅಲ್ಲಿರಬೇಕು.

2025ರ ನವೆಂಬರ್‌ನಲ್ಲಿ ಬ್ರಿಟಿಷ್ ಸರ್ಕಾರ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಸಂಗೀತ, ನಾಟಕ, ಕ್ರೀಡೆ- ಯಾವುದೇ ಕಾರ್ಯಕ್ರಮದ ಟಿಕೆಟ್ಟನ್ನು ಮೂಲ ಬೆಲೆಗಿಂತ ಹೆಚ್ಚಿಗೆ ಮರುಮಾರಾಟ ಮಾಡುವುದನ್ನು ಕಾನೂನುಬಾಹಿರ ಮಾಡುವುದಾಗಿ ಪ್ರಕಟಿಸಿತು. ಫುಟ್‌ಬಾಲ್ ಮೂರು ದಶಕಗಳ ಹಿಂದೆ ತುಳಿದ ದಾರಿಗೆ ಉಳಿದವರೂ ಬರುತ್ತಿದ್ದಾರೆ ಎಂದಾಯಿತು.

ಅತ್ತ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಹಿಡಿದ ದಾರಿ ಬೇರೆಯೇ. 2026ರ ವಿಶ್ವಕಪ್‌ಗಾಗಿ ಅದು ಬೇಡಿಕೆಗೆ ತಕ್ಕಂತೆ ಏರಿಳಿಯುವ ಬೆಲೆಯನ್ನು ತಂದಿತು. ತಾನೇ ಮರುಮಾರಾಟದ ತಾಣ ತೆರೆದು ಕೊಳ್ಳುವವನಿಂದ ಶೇ. 15, ಮಾರುವವನಿಂದ ಶೇ. 15 ಕಮಿಷನ್ ನಿಗದಿ ಮಾಡಿತು. ಮೆಕ್ಸಿಕೋದಲ್ಲಿ ಮಾತ್ರ ಮೂಲ ಬೆಲೆಗೇ ವಿನಿಮಯ. ಟೀಕೆ ಜೋರಾದ ಮೇಲೆ 2025ರ ಡಿಸೆಂಬರ್‌ನಲ್ಲಿ ತಂಡಗಳ ನಿಷ್ಠಾವಂತ ಅಭಿಮಾನಿಗಳಿಗೆಂದು ಪ್ರತಿ ಪಂದ್ಯಕ್ಕೂ 60 ಡಾಲರಿನ ಕೆಲವು ಟಿಕೆಟ್ಟುಗಳನ್ನು ಪ್ರಕಟಿಸಿತು. ಕೂಗಿದರೆ ಸ್ವಲ್ಪವಾದರೂ ಕೇಳಿಸುತ್ತದೆ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಇಲ್ಲಿಂದ ಹೋಗುವವರಿಗೆ

ಓದಲೆಂದು ಇಂಗ್ಲೆಂಡಿಗೆ ಹೋಗುವ ನಮ್ಮ ಹುಡುಗ-ಹುಡುಗಿಯರಲ್ಲಿ ಅನೇಕರಿಗೆ ಒಮ್ಮೆಯಾದರೂ ಆ್ಯನ್‌ಫೀಲ್ಡ್‌ನಲ್ಲೋ ಓಲ್ಡ್ ಟ್ರ್ಯಾಫರ್ಡ್‌ನಲ್ಲೋ ಕುಳಿತು ಆಟ ನೋಡುವ ಆಸೆ. ಕಾಳಸಂತೆಯ ಗಾಳಕ್ಕೆ ಸುಲಭವಾಗಿ ಸಿಗುವ ಮೀನು ಇವರೇ. ಹೊಸ ಊರು, ನಿಯಮ ತಿಳಿಯದು, ಆಸೆ ದೊಡ್ಡದು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಕ್ಲಬ್‌ನ ತಾಣವೇ ಆಗಿರಬೇಕೆಂದಿಲ್ಲ. ಹಣ ಕಟ್ಟಿದ ಮೇಲೆ ಟಿಕೆಟ್ ಬಾರದಿರಬಹುದು. ಬಂದರೂ ಗೇಟಿನಲ್ಲಿ ಕೆಂಪು ದೀಪ ಹೊತ್ತಬಹುದು. ಕ್ಲಬ್ ಆ ಖಾತೆಯನ್ನು ಮುಚ್ಚಿದ್ದರೆ ಒಳಗೆ ಬಿಡುವುದಿಲ್ಲ. ತಿಂಗಳ ಊಟದ ಹಣ ಹೋದಂತೆಯೇ.

ದಾರಿ ಇಷ್ಟೇ: ಕ್ಲಬ್‌ನ ಸ್ವಂತ ತಾಣದಲ್ಲಿ ಸದಸ್ಯತ್ವ ಪಡೆದು ತಾಳ್ಮೆಯಿಂದ ಸಾಲಿನಲ್ಲಿ ನಿಲ್ಲಬೇಕು. ದೊಡ್ಡ ಎದುರಾಳಿಯ ಪಂದ್ಯ ಬಿಟ್ಟು ಚಿಕ್ಕ ಪಂದ್ಯಕ್ಕೆ ಪ್ರಯತ್ನಿಸಬೇಕು. ಟಿಕೆಟ್ ವಿನಿಮಯದಲ್ಲಿ ಕಣ್ಣಿಟ್ಟಿರಬೇಕು. ಕೆಳಗಿನ ಲೀಗ್‌ಗಳ ಪಂದ್ಯ, ಮಹಿಳೆಯರ ಪಂದ್ಯಗಳಿಗೆ ಟಿಕೆಟ್ ಸುಲಭವಾಗಿ, ಅಗ್ಗವಾಗಿ ಸಿಗುತ್ತದೆ. ಅಲ್ಲಿಯ ಆಟವೂ ಆಟವೇ, ಅಲ್ಲಿಯ ಹಾಡೂ ಹಾಡೇ. ದೂರದ ಮಗ ಟಿಕೆಟ್ಟಿಗೆಂದು ಅವಸರದಲ್ಲಿ ಹಣ ಕೇಳಿದರೆ, 'ಯಾರಿಂದ ಕೊಳ್ಳುತ್ತಿದ್ದೀಯಪ್ಪ?' ಎಂದು ಊರಿನಲ್ಲಿರುವ ತಂದೆ-ತಾಯಿ ಒಂದು ಮಾತು ಕೇಳುವುದು ಒಳ್ಳೆಯದು.

ಮನೆಯಲ್ಲಿ ಕುಳಿತು ಟಿ.ವಿ.ಯಲ್ಲಷ್ಟೇ ಪಂದ್ಯ ನೋಡುವ ಮಕ್ಕಳಿಗೂ ಇದರಲ್ಲಿ ಪಾಠವಿದೆ. ಸೀಮಿತವಾದ ಒಂದು ಒಳ್ಳೆಯ ವಸ್ತುವನ್ನು ಹಂಚಲು ಜಗತ್ತು ಕಂಡುಕೊಂಡಿರುವ ದಾರಿಗಳು ಕೆಲವೇ: ಮೊದಲು ಬಂದವರಿಗೆ, ಚೀಟಿ ಎತ್ತಿ ಗೆದ್ದವರಿಗೆ, ಬಹುಕಾಲ ಕಾಯ್ದವರಿಗೆ ಅಥವಾ ಹೆಚ್ಚು ಹಣ ಕೊಟ್ಟವರಿಗೆ. ರೈಲಿನ ಬರ್ತಿರಲಿ, ಕಾಲೇಜಿನ ಸೀಟಿರಲಿ, ಈ ಪ್ರಶ್ನೆ ನಾಳೆ ಅವರ ಬಾಗಿಲಿಗೂ ಬರುತ್ತದೆ. ಯಾವ ವಸ್ತುವಿಗೆ ಯಾವ ದಾರಿ ಸರಿ ಎಂದು ಯೋಚಿಸಲು ಕಲಿತವರು ಸಾಲಿನಲ್ಲಿ ತಮ್ಮ ಹಿಂದೆ ನಿಂತವರನ್ನೂ ಒಮ್ಮೆ ತಿರುಗಿ ನೋಡುತ್ತಾರೆ.